ಹಲ್ಲಕ್ಕನ ಹೊಟ್ಟೆ, ತಮ್ಮನ ಹಳದಿ ಕಾರು

ಹಲ್ಲಕ್ಕನಿಗೆ ಆ ಹೆಸರು ಬಂದದ್ದು ಅವಳ ಹಲ್ಲಿನಿಂದಲ್ಲ. ಅವಳ ಸ್ವಂತ ಹಲ್ಲು ಹೇಳಿಕೊಳ್ಳುವ ಹಾಗೇನೂ ಇರಲಿಲ್ಲ. ಮುಂದಿನವೆರಡು ಕಾಲ ಮೇಲೆ ಕಾಲು ಹಾಕಿಕೊಂಡು ಕೂತ ಹಾಗಿದ್ದವು. ಹೆಸರು ಬಂದದ್ದು ಕಸುಬಿನಿಂದ. ಊರಿನ ಅರ್ಧಕ್ಕರ್ಧ ಮುದುಕರು ಅವಳು ಮಾಡಿಕೊಟ್ಟ ಹಲ್ಲಿನ ಸೆಟ್ಟಿನಲ್ಲೇ ಉಣ್ಣುತ್ತಿದ್ದರು, ಅದೇ ಸೆಟ್ಟಿನಲ್ಲೇ ಸೊಸೆಯಂದಿರ ಮೇಲೆ ಹಲ್ಲು ಕಡಿಯುತ್ತಿದ್ದರು.

ಮೆಟ್ಟಿಲು ಹತ್ತಿ ಅವಳ ಕೆಲಸದ ಕೋಣೆಗೆ ಹೊಸದಾಗಿ ಬಂದವರು ಒಂದು ಕ್ಷಣ ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ತುಂಬ ಬಿಳಿ ಪ್ಲಾಸ್ಟರಿನ ದವಡೆಗಳು. ಇಡೀ ಊರೇ ಬಾಯಿ ಬಿಟ್ಟುಕೊಂಡು ಅಲ್ಲಿ ಸಾಲಾಗಿ ಕೂತಿತ್ತು. ಮೇಜಿನ ಮೇಲೆ ಮೇಣ ಕರಗಿಸುವ ದೀಪ, ಚೂರಿ, ತಂತಿ ಬಗ್ಗಿಸುವ ಇಕ್ಕಳ. ಮೂಲೆಯಲ್ಲಿ ಉಜ್ಜಿ ಹೊಳಪು ಕೊಡುವ ಮೋಟಾರು. ವಸಡಿನ ಬಣ್ಣದ ಪುಡಿ ಅವಳ ಬಟ್ಟೆ, ಕೂದಲು, ಚಹಾದ ಲೋಟ ಎಲ್ಲಕ್ಕೂ ಅಂಟಿರುತ್ತಿತ್ತು. ಮುಖಗಳ ನೆನಪು ಅವಳಿಗೆ ಅಷ್ಟಕ್ಕಷ್ಟೇ. ಬೀದಿಯಲ್ಲಿ ಯಾರಾದರೂ ಚೆನ್ನಾಗಿದ್ದೀರಾ ಎಂದರೆ ಕಕ್ಕಾಬಿಕ್ಕಿಯಾಗುವಳು. ಅವರು ನಕ್ಕ ಕೂಡಲೇ ಓಹೋ ನೀವಾ ಎನ್ನುವಳು.

ಇಷ್ಟೆಲ್ಲ ಬಾಯಿಗಳನ್ನು ಆಳಿದ ಹಲ್ಲಕ್ಕನನ್ನು ಆಳಿದ್ದು ಅವಳ ಹೊಟ್ಟೆ. ಚಕ್ರವಿರುವ ಯಾವುದಾದರೂ ವಸ್ತುವಿನೊಳಗೆ ಅವಳನ್ನು ಕೂರಿಸಿದರೆ ಸಾಕು, ಮೊದಲು ಬಾಯಲ್ಲಿ ನೀರೂರುವುದು, ಆಮೇಲೆ ಕಿವಿ ತಣ್ಣಗಾಗುವುದು, ಆಮೇಲೆ ಉಳಿದದ್ದನ್ನು ಪಕ್ಕದಲ್ಲಿ ಕೂತವರು ನೋಡಿಕೊಳ್ಳಬೇಕು. ಪಕ್ಕದಲ್ಲಿ ಕೂರುತ್ತಿದ್ದವನು ಅವಳ ತಮ್ಮ. ಚಿಕ್ಕಂದಿನಲ್ಲಿ ಬಸ್ಸು ಹತ್ತಿದೊಡನೆ ತಾಯಿ ಅವಳನ್ನು ಕಿಟಕಿಗೆ ತಳ್ಳಿ, ತಮ್ಮನ ಕೈಗೆ ಪ್ಲಾಸ್ಟಿಕ್ ಚೀಲ ಕೊಟ್ಟು, ಅಕ್ಕನ ಕಡೆ ನೋಡ್ತಾ ಇರು ಅನ್ನುತ್ತಿದ್ದಳು. ಮಿಕ್ಕ ಮಕ್ಕಳು ಮರ, ಹೊಳೆ, ಹೋರಿ ನೋಡಿಕೊಂಡು ಪ್ರಯಾಣ ಮಾಡಿದರೆ ಅವನು ಅಕ್ಕನ ಗಲ್ಲ ನೋಡಿಕೊಂಡು ಪ್ರಯಾಣ ಮಾಡಿದ. ಗಲ್ಲ ಬೆಳ್ಳಗಾಯಿತೋ, ಚೀಲ ಬಿಚ್ಚಬೇಕು. ಅವನು ಮುಂದೆ ದಂತವೈದ್ಯನಾದ. ಹದಿನೆಂಟು ತುಂಬುವಷ್ಟರಲ್ಲೇ ಜಗತ್ತಿನಲ್ಲಿ ಅವನಿಗೆ ಅಸಹ್ಯವಾಗುವಂಥ ಬಾಯಿ ಉಳಿದಿರಲಿಲ್ಲ.

ಹಲ್ಲಕ್ಕನ ಮದುವೆಯ ಕಥೆಯನ್ನು ಮನೆಯವರು ಇಂದಿಗೂ ಊಟದ ಹೊತ್ತಿಗೆ ಹೇಳುವುದಿಲ್ಲ. ಅವಳನ್ನು ಗಂಡ ಮತ್ತು ಅತ್ತೆಯ ನಡುವೆ ಕೂರಿಸಿ ಕಾರು ಹೊರಟಿತು. ಮೊದಲ ತಿರುವಿನಲ್ಲೇ ಬಾಯಲ್ಲಿ ನೀರೂರಿತು. ಎಡಕ್ಕೆ ಗಂಡ, ಹೊಚ್ಚ ಹೊಸ ಅಂಗಿ. ಬಲಕ್ಕೆ ಅತ್ತೆ, ಹೊಚ್ಚ ಹೊಸ ಸೀರೆ. ಒಂದೇ ಒಂದು ಕ್ಷಣ ಯೋಚಿಸಿ ಅವಳು ಎಡಕ್ಕೆ ತಿರುಗಿದಳು. ಆ ತೀರ್ಮಾನ ಸಂಸಾರವನ್ನು ಕಾಯಿತು. ನನ್ನ ಕಡೆ ತಿರುಗಲಿಲ್ಲ, ಹುಡುಗಿಗೆ ದೊಡ್ಡವರು ಚಿಕ್ಕವರು ಅನ್ನೋದು ಗೊತ್ತು ಎಂದು ಅತ್ತೆ ಸಾಯುವವರೆಗೂ ಹೊಗಳಿದಳು. ಗಂಡ ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು, ತಾಳ್ಮೆಯ ಪ್ರಾಣಿ. ಅಂಗಿ ಒರೆಸಿಕೊಂಡು, ಇಳಿದು ನಡೆಯೋಣವಾ ಎಂದು ಕೇಳಿದನಂತೆ. ಇಬ್ಬರೂ ಮದುವೆಯ ಬಟ್ಟೆಯಲ್ಲೇ ನಡೆದು ಮನೆ ಸೇರಿದರು. ಅಲ್ಲಿಂದಾಚೆ ಎಲ್ಲಿ ಹೋದರೂ ನಡಿಗೆಯೇ. ಬಾಡಿಗೆ ಮನೆ, ಕೆಲಸ, ಮಗಳ ಶಾಲೆ, ಹೆರಿಗೆ ಆಸ್ಪತ್ರೆ ಎಲ್ಲವನ್ನೂ ಕಾಲಳತೆಯಲ್ಲೇ ಹುಡುಕಿಕೊಂಡರು. ಹಲ್ಲು ಮಾಡುವ ಕಸುಬಿಗೆ ಹಲ್ಲಕ್ಕ ಸೇರಿದ್ದು ಕೂಡ ಹಲ್ಲಿನ ಮೇಲಿನ ಪ್ರೀತಿಯಿಂದಲ್ಲ. ಆ ಕೆಲಸದ ಅಂಗಡಿ ಇದ್ದದ್ದು ಮನೆಯ ಹಿಂದಿನ ಬೀದಿಯಲ್ಲಿ, ಅಷ್ಟೇ.

ನಡುವಯಸ್ಸು ದಾಟಿದ ಮೇಲೆ ಒಬ್ಬ ಕಿವಿ ಡಾಕ್ಟರು ಕೆಳದವಡೆಯ ಸೆಟ್ಟು ಮಾಡಿಸಿಕೊಳ್ಳಲು ಬಂದರು. ಬಾಯಿಯ ಅಚ್ಚು ಗಟ್ಟಿಯಾಗುವ ತನಕ ಅವರಿಗೆ ಮಾತಾಡುವ ಹಾಗಿರಲಿಲ್ಲ, ಹಲ್ಲಕ್ಕನೇ ತನ್ನ ಹೊಟ್ಟೆಯ ಪುರಾಣ ಹೇಳಿದಳು. ಅಚ್ಚು ಹೊರಗೆ ಬಂದದ್ದೇ ಅವರು, ದೋಷ ಹೊಟ್ಟೆಯದಲ್ಲಮ್ಮ, ಕಿವಿಯದು. ಗಾಡಿ ಓಡಿಸುವವರಿಗೆ ಈ ಕಾಟ ಇರುವುದಿಲ್ಲ, ಪಕ್ಕದಲ್ಲಿ ಕೂತವರಿಗೇ ಇದು ಎಂದರು. ಹಲ್ಲಕ್ಕ ನಂಬಲಿಲ್ಲ. ಆದರೂ ಮಾರನೆಯ ವಾರ ಡ್ರೈವಿಂಗ್ ಶಾಲೆಗೆ ಹೋದಳು. ಮೊದಲು ನಾನು ತೋರಿಸ್ತೀನಿ, ನೀವು ನೋಡ್ತಾ ಕೂತ್ಕೊಳಿ ಎಂದ ಮೇಷ್ಟ್ರು ಎರಡು ಬೀದಿ ದಾಟುವಷ್ಟರಲ್ಲಿ ಗಾಡಿ ನಿಲ್ಲಿಸಿ, ಪ್ಯಾಂಟು ತೊಳೆದುಕೊಂಡು ಬಂದು, ತಾವೇ ಪಕ್ಕದ ಸೀಟಿಗೆ ಜಾಗ ಬದಲಾಯಿಸಿದರು. ಅವಳು ಸ್ಟೇರಿಂಗ್ ಹಿಡಿದಳು. ಬಾಯಲ್ಲಿ ನೀರೂರಲಿಲ್ಲ, ಕಿವಿ ತಣ್ಣಗಾಗಲಿಲ್ಲ. ಸಂತೋಷಕ್ಕೆ ಒಂದು ಕಸದ ಡಬ್ಬಿಗೆ ಗುದ್ದಿದಳು.

ಲೈಸೆನ್ಸು ಬಂತು. ಬಿಸ್ಕತ್ತಿನ ಡಬ್ಬಿಯಂಥ ಒಂದು ಹಳೆಯ ಪುಟ್ಟ ಕಾರೂ ಬಂತು. ಅವಳೇನೂ ಸೊಗಸಾಗಿ ಓಡಿಸುತ್ತಿರಲಿಲ್ಲ, ಹಿಂದಕ್ಕೆ ತೆಗೆಯುವಾಗ ಬೀದಿಯ ಬೆಕ್ಕುಗಳೆಲ್ಲ ಕಾಂಪೌಂಡು ಹತ್ತುತ್ತಿದ್ದವು. ಆದರೆ ಓಡಿಸುತ್ತಿದ್ದಳು. ಪಕ್ಕದಲ್ಲಿ ಗಂಡ, ಹಿಂದೆ ದವಡೆಗಳ ಪೆಟ್ಟಿಗೆ.

ಇತ್ತ ತಮ್ಮನಿಗೆ ಐವತ್ತಾಯಿತು. ಕ್ಲಿನಿಕ್ಕು ಚೆನ್ನಾಗಿ ನಡೆಯುತ್ತಿತ್ತು, ಹೊಟ್ಟೆ ಮುಂದೆ ಬರುತ್ತಿತ್ತು, ಕೂದಲು ಹಿಂದೆ ಹೋಗುತ್ತಿತ್ತು. ಇಂಥ ಹೊತ್ತಿನಲ್ಲಿ ಕೆಲವರು ವ್ಯಾಯಾಮ ಶುರು ಮಾಡುತ್ತಾರೆ, ಕೆಲವರು ಕವಿತೆ ಬರೆಯುತ್ತಾರೆ. ಅವನು ಸ್ಪೋರ್ಟ್ಸ್ ಕಾರು ತಂದ. ಒಬ್ಬರು ಓಡಿಸಿ ಬಿಟ್ಟದ್ದು, ಅರಿಸಿನದ ಬಣ್ಣದ್ದು, ನೆಲಕ್ಕೆ ಅಂಟಿಕೊಂಡ ಹಾಗೆ ಇದ್ದದ್ದು. ಅದರೊಳಗೆ ಕೂರಬೇಕಾದರೆ ಮೊದಲು ಹಿಂಭಾಗ, ಆಮೇಲೆ ತಲೆ, ಕೊನೆಗೆ ಒಂದೊಂದೇ ಕಾಲು. ಇಳಿಯಬೇಕಾದರೆ ಯಾರಾದರೂ ಕೈ ಕೊಡಬೇಕು. ಬೀದಿಯ ಉಬ್ಬುಗಳ ಮೇಲೆ ಹೊಟ್ಟೆ ಉಜ್ಜಿಕೊಂಡು ಹೋಗುವ ಅದರ ಸದ್ದು ಕೇಳಿದರೆ, ಡಾಕ್ಟರು ಕ್ಲಿನಿಕ್ಕಿಗೆ ಹೊರಟರು ಎಂದು ಜನ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಈ ವಯಸ್ಸಿನಲ್ಲಿ ಎರಡೇ ಸೀಟಿನ ಗಾಡಿ ಯಾಕೋ, ಹೆಂಡತಿ ಮಕ್ಕಳನ್ನು ಎಲ್ಲಿ ಕೂರಿಸ್ತೀಯ ಎಂದು ಹಲ್ಲಕ್ಕ ಕೇಳಿದ್ದಕ್ಕೆ ಅವನು ಬಾನೆಟ್ಟು ಒರೆಸುತ್ತಲೇ ಹೇಳಿದ: "ಇರೋದು ಎರಡೇ ಸೀಟು ಅಕ್ಕ. ಎರಡಕ್ಕೂ ಕಿಟಕಿ ಇದೆ."

ಹಳೆಯ ಬಸ್ಸಿನ ಕಿಟಕಿ ನೆನಪಾಗಿ ಅವಳೂ ಒಂದು ಬಟ್ಟೆ ತಂದು ಬಾನೆಟ್ಟಿನ ಇನ್ನೊಂದು ಬದಿ ಒರೆಸತೊಡಗಿದಳು.

ಕಾರು ಬಂದ ವಾರದೊಳಗೇ ಒಂದು ಅನಾಹುತವಾಯಿತು. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದಾರೆಂದು ತಮ್ಮ ಠೀವಿಯಿಂದ ಬಾಗಿ ಒಳಗೆ ನುಗ್ಗುವ ಹೊತ್ತಿಗೆ, ಆ ಭಾರದ ಬಾಗಿಲು ಮರಳಿ ಬಂದು ಬಾಯಿಗೇ ಬಡಿಯಿತು. ಮೇಲಿನ ಮುಂದಿನ ಹಲ್ಲು ಬುಡಸಮೇತ ಹೋಯಿತು. ಸರಿಯಾಗಿ ಕಟ್ಟಿಸಿಕೊಳ್ಳಬೇಕಾದರೆ ಸೂಜಿ ಚುಚ್ಚಿಸಿಕೊಳ್ಳಬೇಕು. ಊರಿಗೆಲ್ಲ ಸೂಜಿ ಚುಚ್ಚುವ ಅವನಿಗೆ ಸೂಜಿ ಕಂಡರೆ ಪ್ರಾಣ ಹೋಗುತ್ತಿತ್ತು. ಜೊತೆಗೆ, ಹಲ್ಲಿನ ಡಾಕ್ಟರಿಗೇ ಹಲ್ಲಿಲ್ಲ ಎಂದರೆ ಕ್ಲಿನಿಕ್ಕಿನ ಗತಿ? ಹೋದ ಹಲ್ಲು ನೋಡುತ್ತಿದ್ದವರಿಗೆ ಕಾಣದ ಹಾಗೆ ಕೂಡಲೇ ಮುಖಕ್ಕೆ ಕರವಸ್ತ್ರ ಹಿಡಿದು ಅಕ್ಕನ ಮೆಟ್ಟಿಲು ಹತ್ತಿದ. ಅವಳು ಬಾಗಿಲು ಹಾಕಿಕೊಂಡು ನಕ್ಕಳು, ಆಮೇಲೆ ಬಾಗಿಲು ತೆಗೆದು ಕೆಲಸಕ್ಕೆ ಕೂತಳು. ಗುಲಾಬಿ ಬಣ್ಣದ ಒಂದು ಸಣ್ಣ ತಟ್ಟೆ, ಅದರ ತುದಿಗೆ ಒಂದೇ ಒಂದು ಹಲ್ಲು, ಅಕ್ಕಪಕ್ಕದ ಹಲ್ಲುಗಳನ್ನು ಹಿಡಿದುಕೊಳ್ಳಲು ಎರಡು ತಂತಿ ಕೊಕ್ಕೆ. ಬಾಯಿಗೆ ಹಾಕಿಕೊಂಡರೆ ದೇವರಿಗೂ ಗೊತ್ತಾಗುವ ಹಾಗಿರಲಿಲ್ಲ. ವಿಷಯ ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಅವನ ಹೆಂಡತಿಗೂ ಗೊತ್ತಿತ್ತು, ಆದರೆ ಗೊತ್ತಿಲ್ಲದ ಹಾಗೆ ಇರುವ ದೊಡ್ಡತನ ಆಕೆಗಿತ್ತು.

ಊರಿನ ಉಬ್ಬುಗಳು ತನ್ನ ಕಾರಿನ ಘನತೆಗೆ ತಕ್ಕುದಲ್ಲ ಎಂದು ತೀರ್ಮಾನಿಸಿ ತಮ್ಮ ಟ್ರ್ಯಾಕಿಗೆ ಹೋಗಲು ಶುರುಮಾಡಿದ. ಊರಿಂದಾಚೆ ಬಯಲಲ್ಲಿ ಕಾರು ಓಡಿಸುವುದಕ್ಕೆಂದೇ ಹಾವಿನ ಹಾಗೆ ಸುತ್ತಿ ಬರುವ ಒಂದು ರಸ್ತೆ ಇತ್ತು. ಆಗಾಗ ಒಂದು ದಿನ ಅದನ್ನು ಎಲ್ಲರಿಗೂ ತೆರೆಯುತ್ತಿದ್ದರು. ಲೈಸೆನ್ಸು, ಹೆಲ್ಮೆಟ್ಟು, ಬ್ರೇಕು ನೆಟ್ಟಗಿರುವ ಯಾವುದಾದರೂ ಗಾಡಿ, ಇಷ್ಟಿದ್ದರೆ ಯಾರು ಬೇಕಾದರೂ ಹೋಗಿ ಸುತ್ತು ಹೊಡೆಯಬಹುದು. ಪಂದ್ಯವಲ್ಲ, ಬಹುಮಾನವಿಲ್ಲ. ಮೊದಲ ಸಲ ಹೋಗಿ ಬಂದವನು ಒಂದು ವಾರ ರೋಗಿಗಳ ಬಾಯಲ್ಲಿ ಹತ್ತಿ ತುರುಕಿ, ಅವರು ಉತ್ತರ ಕೊಡಲಾಗದ ಸ್ಥಿತಿಯಲ್ಲಿ, ಪ್ರತಿ ತಿರುವನ್ನೂ ವರ್ಣಿಸಿದ.

ವರ್ಣಿಸಿದ್ದನ್ನು ಕಣ್ಣಾರೆ ನೋಡಲು ಯಾರಾದರೂ ಬೇಕಲ್ಲ. ಹೆಂಡತಿಗೆ ಕರೆದಾಗಲೆಲ್ಲ ತಲೆನೋವು, ಮಕ್ಕಳಿಗೆ ಪರೀಕ್ಷೆ, ಭಾವನಿಗೆ ಕರಡು. ಕೊನೆಗೆ ಅಕ್ಕನ ಹತ್ತಿರ ಬಂದ. ನೀನು ಏನೂ ಮಾಡಬೇಕಾಗಿಲ್ಲ, ನನ್ನ ಫೋನು ಹಿಡಿದು ವಿಡಿಯೋ ತೆಗೆದರೆ ಸಾಕು ಎಂದ. ನಿನ್ನ ಕಾರಿನಲ್ಲಿ ನಾನು ಕೂರೋದಿಲ್ಲ, ನಿನಗೂ ಒಳ್ಳೇದಲ್ಲ, ಕಾರಿಗೂ ಒಳ್ಳೇದಲ್ಲ, ಹಿಂದೆ ನನ್ನ ಡಬ್ಬಿಯಲ್ಲಿ ಬರ್ತೀನಿ ಎಂದು ಅವಳು ಒಪ್ಪಿದಳು.

ಅಲ್ಲಿ ಹೋಗಿ ನೋಡಿದರೆ ಜಾತ್ರೆಯಂಥ ಗಲಾಟೆಯೇನೂ ಇರಲಿಲ್ಲ. ತಗಡಿನ ಚಪ್ಪರದಡಿ ಹತ್ತಿಪ್ಪತ್ತು ಕಾರುಗಳು, ಅವುಗಳ ಸುತ್ತ ಸೊಂಟದ ಮೇಲೆ ಕೈಯಿಟ್ಟುಕೊಂಡ ಗಂಡಸರು. ಎಲ್ಲರೂ ನೆಲಕ್ಕೆ ಬಾಗಿ ಟೈರು ನೋಡುತ್ತಿದ್ದರು. ನೋಡಿ ಏನು ಕಂಡುಕೊಂಡರೋ ಯಾರೂ ಹೇಳುತ್ತಿರಲಿಲ್ಲ. ಟ್ರ್ಯಾಕಿನ ಯಜಮಾನಿ ಗಿಡ್ಡ ಕೂದಲಿನ ಗಟ್ಟಿ ಹೆಂಗಸು. ಎಲ್ಲರನ್ನೂ ನಿಲ್ಲಿಸಿಕೊಂಡು ಪಾಠ ಹೇಳಿದಳು. ಹಳದಿ ಬಾವುಟ ಕಂಡರೆ ನಿಧಾನ, ಕೆಂಪು ಕಂಡರೆ ಎಲ್ಲರೂ ಸುಮ್ಮನೆ ವಾಪಸು. ನೇರ ದಾರಿಯಲ್ಲಿ ಮಾತ್ರ ಹಿಂದಿಕ್ಕಬೇಕು, ಅದೂ ಮುಂದಿನವರು ಕೈ ತೋರಿಸಿದ ಮೇಲೆ. ಕಿಟಕಿಯ ಗಾಜು ಪೂರ್ತಿ ಇಳಿದಿರಬೇಕು. ಯಾರೂ ಇಲ್ಲಿ ಏನನ್ನೂ ಗೆಲ್ಲೋದಿಲ್ಲ, ಇದನ್ನು ಮನೆಗೆ ಹೋಗುವ ತನಕ ನೆನಪಿಟ್ಟುಕೊಳ್ಳಿ ಎಂದು ಅವಳು ಗದರಿಸಿದಾಗ ಗಂಡಸರೆಲ್ಲ ತಲೆಯಾಡಿಸಿದರು. ಒಬ್ಬನ ಕಿವಿಗೂ ಅದು ಇಳಿದಂತೆ ಕಾಣಲಿಲ್ಲ.

ತಮ್ಮ ಎರಡು ಸರದಿ ಓಡಿಸಿದ. ಹಲ್ಲಕ್ಕ ತಡೆಗೋಡೆಯ ಹಿಂದೆ ನಿಂತು ವಿಡಿಯೋ ತೆಗೆದಳು. ಆಮೇಲೆ ನೋಡಿದರೆ ಮೊದಲರ್ಧ ಅವಳ ಹೆಬ್ಬೆರಳು, ಉಳಿದರ್ಧ ಬೇರೆ ಯಾರದೋ ನೀಲಿ ಕಾರು. ತಮ್ಮನಿಗೆ ಪಿತ್ತ ಕೆರಳಿತು. ಊಟದ ಹೊತ್ತಿಗೆ ಚಪ್ಪರದಡಿ ಎಲ್ಲರೂ ಬ್ರೆಡ್ಡು ತಿನ್ನುತ್ತಿದ್ದಾಗ, ನಾಲ್ಕು ಜನರ ಮುಂದೆ ಅಕ್ಕನನ್ನು ಪರಿಚಯ ಮಾಡಿಸಿದ: ಇವಳು ನಮ್ಮಕ್ಕ, ಕಾರು ಅಂತ ಕಾಗದದ ಮೇಲೆ ಬರೆದು ತೋರಿಸಿದರೂ ವಾಂತಿ ಮಾಡ್ಕೋತಾಳೆ. ನಾಲ್ವರೂ ನಕ್ಕರು. ಅವಳೂ ನಕ್ಕಳು. ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮದುವೆಯ ಕಾರಿನ ಕಥೆಯನ್ನೂ ತೆಗೆದ. ಅದನ್ನು ಹೇಳುವ ಹಕ್ಕು ಮನೆಯವರಿಗಿತ್ತು, ಕೇಳುವ ಹಕ್ಕು ಈ ಟೈರು ನೋಡುವವರಿಗಿರಲಿಲ್ಲ.

ಹಲ್ಲಕ್ಕ ಬ್ರೆಡ್ಡಿನ ತಟ್ಟೆ ಕೆಳಗಿಟ್ಟಳು. "ಕೀಲಿಕೈ ಕೊಡೋ," ಎಂದಳು.

"ಯಾಕೆ?"

"ಓಡಿಸ್ತೀನಿ."

ನಾಲ್ಕು ಜನರ ಮುಂದೆ ಇಲ್ಲವೆನ್ನಲು ಅವನಿಂದ ಆಗಲಿಲ್ಲ. ಯಜಮಾನಿಯ ಕಡೆ ಆಸೆಯಿಂದ ನೋಡಿದ. ಅವಳು ಹಲ್ಲಕ್ಕನ ಲೈಸೆನ್ಸು ನೋಡಿ, ಹೊಸಬರ ಸರದಿ ಈಗಲೇ ಇದೆ, ಧಾರಾಳವಾಗಿ ಹೋಗಿ ಬನ್ನಿ ಎಂದುಬಿಟ್ಟಳು. ಹಾಗಾದರೆ ಪಕ್ಕದಲ್ಲಿ ನಾನು ಇರ್ತೀನಿ ಎಂದು ತಮ್ಮ ಹೆಲ್ಮೆಟ್ಟು ಎತ್ತಿಕೊಂಡ. ಅದು ಮುಖ ಮುಚ್ಚದ ಹೆಲ್ಮೆಟ್ಟು. ಮುಖ ಮುಚ್ಚಿದರೆ ಫೋಟೋದಲ್ಲಿ ಕಾಣುವುದಿಲ್ಲವೆಂದು ಹುಡುಕಿ ತಂದದ್ದು. ಅಕ್ಕನಿಗೆ ಬಾಡಿಗೆಯ ಒಂದು ಹೆಲ್ಮೆಟ್ಟು ಸಿಕ್ಕಿತು. ಅದರೊಳಗೆ ಹಿಂದಿನ ಯಾರದೋ ತಲೆಯೆಣ್ಣೆಯ ವಾಸನೆ.

ಕೂತ ಕೂಡಲೇ ಅವಳಿಗೆ ಅನ್ನಿಸಿದ್ದು ಇಷ್ಟೇ: ಇದು ಕೂರುವ ಗಾಡಿಯಲ್ಲ, ತೊಡುವ ಗಾಡಿ. ಸೀಟು ಸೊಂಟವನ್ನು ಎರಡೂ ಕಡೆ ಹಿಡಿದುಕೊಂಡಿತು. ಗುಂಡಿ ಒತ್ತಿದೊಡನೆ ಬೆನ್ನ ಹಿಂದೆ ಏನೋ ಗುರುಗುಟ್ಟಿತು. ಅವಳ ಕೋಣೆಯ ಉಜ್ಜುವ ಮೋಟಾರು ಹಠಾತ್ತನೆ ಕುದುರೆಯ ಗಾತ್ರಕ್ಕೆ ಬೆಳೆದ ಹಾಗೆ.

ಮೊದಲ ಸುತ್ತು ಎಮ್ಮೆ ತೊಳೆಯಲು ಹೊರಟ ಹಾಗಿತ್ತು. ತಮ್ಮನ ಬಾಯಿ ಮಾತ್ರ ನಿಲ್ಲಲಿಲ್ಲ. ಇಲ್ಲಿ ಗೇರು, ಅಲ್ಲಿ ಬ್ರೇಕು, ಬಿಳಿ ಗೆರೆ ನೋಡು, ಗೆರೆ ಬಿಡು, ನನ್ನ ಕಡೆ ಯಾಕೆ ನೋಡ್ತೀಯ. ಒಂದು ಮನೆಬಳಕೆಯ ಕಾರು ಕೂಡ ಅವರನ್ನು ಹಿಂದಿಕ್ಕಿ ಹೋಯಿತು, ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ ಕಟ್ಟಿಕೊಂಡೇ. ಎರಡನೆಯ ಸುತ್ತಿನ ನೇರ ದಾರಿಯಲ್ಲಿ ಹಲ್ಲಕ್ಕ ಕಾಲು ಒತ್ತಿದಳು. ಅವಳ ಡಬ್ಬಿ ಕಾರಿನಲ್ಲಿ ಕಾಲು ಒತ್ತಿದರೆ ಅರ್ಜಿ ಹಾಕಿದ ಹಾಗೆ. ಒಪ್ಪಿಗೆ ಸಿಗಲು ಹೊತ್ತು ಹಿಡಿಯುತ್ತಿತ್ತು. ಇಲ್ಲಿ ಒತ್ತಿದ್ದೇ ತಡ, ಬಯಲು ಎದ್ದು ಬಂದು ಮುಖಕ್ಕೆ ಬಡಿಯಿತು. ತಡೆಗೋಡೆ, ಚಪ್ಪರ, ಸೊಂಟದ ಮೇಲೆ ಕೈಯಿಟ್ಟ ಗಂಡಸರು ಎಲ್ಲ ಕಲಸಿ ಒಂದೇ ಬಣ್ಣವಾಗಿ ಹಿಂದಕ್ಕೆ ಹರಿದರು. ಅವಳು ಹೊಟ್ಟೆಯ ಕಡೆ ಗಮನ ಕೊಟ್ಟು ಕಾದಳು. ಹೊಟ್ಟೆ ಸುಮ್ಮನಿತ್ತು. ಬಾಯಿ ಒಣಗಿತ್ತು, ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುಡಿಕೊಂಡಿದ್ದವು, ಆದರೆ ಹೊಟ್ಟೆ ಹಾಲು ಕುಡಿದ ಬೆಕ್ಕಿನ ಹಾಗೆ ತೆಪ್ಪಗಿತ್ತು. ಅವಳಿಗೆ ನಗು ಬಂತು. ಹೆಲ್ಮೆಟ್ಟಿನೊಳಗೆ ತನ್ನ ನಗು ತನಗೇ ವಿಚಿತ್ರವಾಗಿ ಕೇಳಿಸಿ ಇನ್ನಷ್ಟು ನಗು ಬಂತು.

ನಗುತ್ತಲೇ ಮೂರನೆಯ ಸುತ್ತಿನ ದೊಡ್ಡ ತಿರುವಿಗೆ ಬಂದಳು. ಬರಬೇಕಾದ್ದಕ್ಕಿಂತ ಜೋರಾಗಿಯೇ ಬಂದಳು. ತಮ್ಮ ತನ್ನ ಕಡೆಯ ನೆಲವನ್ನು ಎರಡೂ ಕಾಲಿನಿಂದ ಒತ್ತುತ್ತ, ಬ್ರೇಕು, ಬ್ರೇಕು ಎಂದು ಕೂಗಿದ. ಆ ಗಾಬರಿಗೆ ಅವಳು ತಿರುವಿನ ನಟ್ಟನಡುವೆ ಬ್ರೇಕಿನ ಮೇಲೆ ನಿಂತೇಬಿಟ್ಟಳು. ಕಾರಿನ ಹಿಂಭಾಗಕ್ಕೆ ಮುಂಭಾಗದ ಮೇಲೆ ಸಿಟ್ಟು ಬಂದಂತಾಗಿ ಅದನ್ನೇ ಹಿಂದಿಕ್ಕಲು ಹೊರಟಿತು. ಟ್ರ್ಯಾಕು, ಆಕಾಶ, ಹುಲ್ಲು, ಮತ್ತೆ ಟ್ರ್ಯಾಕು. ಬುಗುರಿಯ ಹಾಗೆ ಎರಡು ಸುತ್ತು ತಿರುಗಿ, ಹುಲ್ಲಿನ ಮೇಲೆ ಜಾರಿ, ಬಂದ ದಾರಿಗೇ ಮುಖ ಮಾಡಿಕೊಂಡು ನಿಂತಿತು. ಎಂಜಿನ್ನು ಆರಿತು. ಎಲ್ಲಿಂದಲೋ ಒಂದು ಹಕ್ಕಿಯ ಸದ್ದು ಕೇಳಿಸಿತು.

"ಬದುಕಿದ್ದೀಯೇನೋ?" ಎಂದಳು ಹಲ್ಲಕ್ಕ.

ಅವನು ಅವಳ ಕಡೆ ತಿರುಗಿ ಬಾಯಿ ಬಿಟ್ಟ. ಮೇಲಿನ ಸಾಲಿನ ನಟ್ಟನಡುವೆ ಒಂದು ಕಿಂಡಿ.

ಕೂಗಿದ ರಭಸಕ್ಕೋ, ತಿರುಗಿದ ರಭಸಕ್ಕೋ, ಹಲ್ಲಿನ ತಟ್ಟೆ ಕೊಕ್ಕೆ ಕಳಚಿಕೊಂಡು ಹಾರಿಹೋಗಿತ್ತು. ಗಾಜು ಇಳಿದಿತ್ತು, ಮುಖ ತೆರೆದಿತ್ತು, ದಾರಿ ಸಲೀಸಾಗಿತ್ತು. ಅಷ್ಟರಲ್ಲಿ ಕೆಂಪು ಬಾವುಟ ಎದ್ದಿತು. ಎಲ್ಲ ಕಾರುಗಳೂ ವಾಪಸಾದವು. ಕೇಸರಿ ಜಾಕೀಟು ತೊಟ್ಟ ಬಾವುಟದವನು ಓಡಿ ಬಂದ, ಅವನ ಹಿಂದೆ ಆಂಬುಲೆನ್ಸು ಬಂತು. ಯಾರಿಗಾದರೂ ಪೆಟ್ಟಾಯಿತೇ ಎಂದು ಬಾವುಟದವನು ಕೇಳಿದ. ಹಲ್ಲಕ್ಕ ಇಲ್ಲವೆಂದಳು. ತಮ್ಮ ತುಟಿ ಬಿಗಿದುಕೊಂಡು ತಲೆಯಾಡಿಸಿದ. ಬೆಳಗಿನಿಂದ ಬಾಯಿ ಮುಚ್ಚದ ಮನುಷ್ಯ ಈಗ ತುಟಿ ಬಿಚ್ಚುತ್ತಿಲ್ಲ ಎನ್ನುವುದು ಬಾವುಟದವನಿಗೇ ಅನುಮಾನ ತಂದಿತು. ತಲೆಗೆ ಏಟು ಬಿದ್ದಿದೆ ಎಂದು ಆಂಬುಲೆನ್ಸಿಗೆ ಕೈ ಮಾಡಿದ.

ಆಂಬುಲೆನ್ಸಿನಲ್ಲಿದ್ದ ಡಾಕ್ಟರಮ್ಮ ಎಳೆಯ ಪ್ರಾಯದವಳು, ಕೆಲಸದಲ್ಲಿ ಬಹಳ ಶ್ರದ್ಧೆ. ನಿಮ್ಮ ಹೆಸರೇನು ಎಂದು ಕೇಳಿದಳು. ಅವನು ಕಣ್ಣು ಬಿಟ್ಟು ನೋಡಿದ. ಇವತ್ತು ಯಾವ ವಾರ ಎಂದಳು. ಅವನು ಆಕಾಶ ನೋಡಿದ. ಅವಳು ಕೂಡಲೇ ಮಂಚ ಇಳಿಸಿ, ಅವನನ್ನು ಮಲಗಿಸಿ, ಕುತ್ತಿಗೆಗೆ ಪಟ್ಟಿ ಕಟ್ಟಿ, ಸಣ್ಣ ದೀಪ ಹಿಡಿದು ಬಗ್ಗಿದಳು.

"ಸರ್, ಸ್ವಲ್ಪ ಬಾಯಿ ತೆಗೀರಿ."

ಇಪ್ಪತ್ತೈದು ವರ್ಷಗಳಿಂದ ಪ್ರತಿದಿನ ತಾನೇ ಊರಿಗೆಲ್ಲ ಹೇಳಿದ ಆ ಮಾತನ್ನು ಅವನು ಮೊದಲ ಬಾರಿಗೆ ಮಲಗಿಕೊಂಡು ಕೇಳಿದ. ತೆಗೆಯಲಿಲ್ಲ. ದೂರದಲ್ಲಿ ಆ ನಾಲ್ವರೂ ಫೋನು ಎತ್ತಿ ಹಿಡಿದಿದ್ದರು, ಅವರಲ್ಲಿ ಒಬ್ಬ ಅವನದೇ ರೋಗಿ. ಅವಳು ಗಲ್ಲ ಹಿಡಿದಳು. ಅವನು ಹಲ್ಲು ಕಚ್ಚಿದ. ಇದ್ದಷ್ಟು ಹಲ್ಲು ಕಚ್ಚಿದ. ದವಡೆ ಬಿಗಿದುಕೊಂಡಿದೆ, ಇದು ಒಳ್ಳೇ ಲಕ್ಷಣವಲ್ಲ ಎಂದು ಡಾಕ್ಟರಮ್ಮ ಸೂಜಿ ತೆಗೆಯಲು ಪೆಟ್ಟಿಗೆಗೆ ಕೈ ಹಾಕಿದಳು. ಸೂಜಿ ಕಂಡದ್ದೇ ಅವನ ಮುಖದ ಬಣ್ಣ ನಿಜವಾಗಿಯೂ ಇಳಿಯಿತು.

ಇತ್ತ ಹಲ್ಲಕ್ಕ ಅಂಬೆಗಾಲಿಟ್ಟುಕೊಂಡು ಹುಲ್ಲಿನಲ್ಲಿ ಹುಡುಕುತ್ತಿದ್ದಳು. ಯಜಮಾನಿ ಓಡಿ ಬಂದು ಏನಮ್ಮ ಹುಡುಕ್ತಿದ್ದೀರಿ ಎಂದರೆ, ಓಲೆ ಎಂದಳು. ಅವಳ ಎರಡೂ ಕಿವಿಯಲ್ಲಿ ಓಲೆಗಳಿದ್ದವು. ಯಜಮಾನಿ ಅವುಗಳನ್ನು ನೋಡಿ, ಇವರಿಗೂ ತಲೆಗೆ ಬಿದ್ದಿದೆ, ಇನ್ನೊಂದು ಮಂಚ ತನ್ನಿ ಎಂದಳು. ಆ ಹೊತ್ತಿಗೆ ಬಾವುಟದವನು ಟ್ರ್ಯಾಕಿನ ಅಂಚಿನಿಂದ ಏನನ್ನೋ ಎತ್ತಿ, ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ ಮುರುಗಿಸಿ ನೋಡುತ್ತ ಬಂದ. ಗುಲಾಬಿ ಬಣ್ಣದ್ದು, ತಂತಿ ಇದ್ದದ್ದು, ತುದಿಯಲ್ಲಿ ಬಿಳಿಯದೇನೋ ಇದ್ದದ್ದು.

"ಇದು ನಿಮ್ಮ ಗಾಡೀದಾ?"

"ಹೌದು ಕಣಪ್ಪ. ಒಳಗಿನ ಕ್ಲಿಪ್ಪು. ಅದಿಲ್ದೆ ಗಾಡಿ ಮಾತೇ ಆಡಲ್ಲ." ಹಲ್ಲಕ್ಕ ಅದನ್ನು ಇಸಿದುಕೊಂಡು ಓಡಿದಳು.

ಡಾಕ್ಟರಮ್ಮನನ್ನು ಪಕ್ಕಕ್ಕೆ ಸರಿಸಿ, ತಮ್ಮನ ಎದೆಯ ಮೇಲೆ ಬಿದ್ದು, ಅಯ್ಯೋ ನನ್ನ ತಮ್ಮ ಎಂದು ಒಂದೇ ಒಂದು ಸಲ ಗೋಳಾಡಿದಳು. ಆ ಗೋಳಿನ ಮರೆಯಲ್ಲಿ ತಟ್ಟೆ ಅವನ ಬಾಯಿ ಸೇರಿತು, ಜೊತೆಗೆ ಒಂದಿಷ್ಟು ಹುಲ್ಲೂ ಸೇರಿತು. ಕೊಕ್ಕೆ ಟಕ್ಕೆಂದು ಕೂತದ್ದು ಅವಳ ಬೆರಳಿಗೆ ತಿಳಿಯಿತು. ಅವನು ಎದ್ದು ಕೂತು, ಹುಲ್ಲು ಉಗಿದು, ತನ್ನ ಹೆಸರು, ಊರು, ವಾರ, ತಿಂಗಳು, ಓದಿದ ಕಾಲೇಜು ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಡಾಕ್ಟರಮ್ಮ ಕಣ್ಣರಳಿಸಿದಳು. ಒಡಹುಟ್ಟಿದವರ ಸ್ಪರ್ಶಕ್ಕೆ ಇಂಥ ಶಕ್ತಿ ಇರುತ್ತೆ ಅಂತ ಓದಿದ್ದೆ, ಇವತ್ತು ನೋಡಿದೆ ಎಂದು ಬಾವುಟದವನಿಗೆ ಹೇಳಿದಳು. ಸೂಜಿ ಪೆಟ್ಟಿಗೆಗೆ ಮರಳಿತು.

ಕಾರಿಗೆ ಏನೂ ಆಗಿರಲಿಲ್ಲ, ಬಾಗಿಲ ಸಂದಿನಲ್ಲಿ ಹುಲ್ಲು ಸಿಕ್ಕಿಕೊಂಡದ್ದು ಬಿಟ್ಟರೆ. ಯಜಮಾನಿ ಇಬ್ಬರನ್ನೂ ಪಕ್ಕಕ್ಕೆ ಕರೆದು ಚೆನ್ನಾಗಿ ಉಗಿದಳು. ಓಡಿಸಿದವರಿಗಿಂತ ಪಕ್ಕದಲ್ಲಿ ಕೂತು ಕೂಗಿದವರಿಗೆ ಹೆಚ್ಚು ಉಗಿದಳು. ಇವತ್ತಿಗೆ ನಿಮ್ಮಿಬ್ಬರದೂ ಸಾಕು, ಮುಂದಿನ ಸಲ ಬರುವುದಾದರೆ ಒಬ್ಬೊಬ್ಬರೇ ಬನ್ನಿ ಎಂದಳು.

ವಾಪಸು ಬರುವಾಗ ದಾರಿಯಲ್ಲಿ ಒಂದು ಚಹಾದಂಗಡಿಯ ಮುಂದೆ ಹಳದಿ ಕಾರು ನಿಂತಿತ್ತು. ಹಲ್ಲಕ್ಕ ತನ್ನ ಡಬ್ಬಿ ನಿಲ್ಲಿಸಿ ಇಳಿದಳು. ತಮ್ಮ ಬೆಂಚಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ಅವಳು ಎರಡು ಲೋಟ ಚಹಾ ತಂದು ಪಕ್ಕದಲ್ಲಿ ಕೂತಳು. ಮದುವೆಯ ಕಥೆ ಅಲ್ಲಿ ಹೇಳಬಾರದಿತ್ತು ಎಂದು ಅವನು ಲೋಟಕ್ಕೆ ಹೇಳಿದ. ಹೌದು, ಹೇಳಬಾರದಿತ್ತು ಎಂದು ಅವಳೂ ಒಪ್ಪಿದಳು. ಆ ವಿಷಯ ಅಲ್ಲಿಗೆ ಮುಗಿಯಿತು. ಅರ್ಧ ಚಹಾ ಕುಡಿದು ಅವನು ಕೇಳಿದ:

"ಗಾಡಿ ತಿರುಗಿದಾಗ ನಿಂಗೆ ಹೆದರಿಕೆ ಆಗ್ಲಿಲ್ವಾ ಅಕ್ಕ?"

"ಆಯ್ತು. ಆದ್ರೆ ಬರೀ ಹೆದರಿಕೆ. ಹೊಟ್ಟೆ ಸುಮ್ನಿರುವಾಗ ಹೆದರ್ಕೊಳ್ಳೋದು ಎಷ್ಟು ಹಗುರ ಅಂತ ನಿಂಗೇನ್ ಗೊತ್ತು. ನಿಂದು ಯಾವಾಗ್ಲೂ ಸುಮ್ನೇ ಇರುತ್ತೆ."

"ನಂದೂ ಇವತ್ತು ಸುಮ್ನಿರ್ಲಿಲ್ಲ," ಎಂದ ಅವನು. ಎರಡನೆಯ ಸುತ್ತಿನಿಂದಲೇ ಬಾಯಲ್ಲಿ ನೀರೂರುತ್ತಿತ್ತಂತೆ. ಅದನ್ನು ತಡೆಯುವುದಕ್ಕೇ ಅಷ್ಟು ಕೂಗಾಡಿದ್ದಂತೆ. ಅವಳು ಅವನ ಗಲ್ಲವನ್ನೇ ನೋಡಿದಳು, ಇನ್ನೂ ಕೊಂಚ ಬಿಳಿಚಿಕೊಂಡಿತ್ತು. ಚಹಾದಂಗಡಿಯವನ ಹತ್ತಿರ ಒಂದು ನಿಂಬೆಹಣ್ಣು ಕೇಳಿ ತಂದು ಅವನ ಕೈಗಿಟ್ಟಳು. ಅವನು ಅದನ್ನು ಮೂಸಿ ನೋಡಿದ, ಮೂಸುತ್ತ ಮೂಸುತ್ತ ನಗಲು ಶುರುಮಾಡಿದ. ಡಾಕ್ಟರಮ್ಮನ ಹಾಗೆ ದನಿ ಮಾಡಿ, ಒಡಹುಟ್ಟಿದವರ ಸ್ಪರ್ಶ ಎಂದ. ಹಲ್ಲಕ್ಕನಿಗೆ ಚಹಾ ನೆತ್ತಿಗೇರಿತು. ನಕ್ಕು ನಕ್ಕು ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಅಂಗಡಿಯವನು ತನ್ನ ಚಹಾದಲ್ಲಿ ಏನಾದರೂ ಹೆಚ್ಚುಕಮ್ಮಿಯಾಯಿತೇ ಎಂದು ಪಾತ್ರೆಯೊಳಗೆ ಇಣುಕಿದ.

ತಮ್ಮ ಮುಂದಿನ ತಿಂಗಳೇ ಕಣ್ಣುಮುಚ್ಚಿಕೊಂಡು ಸೂಜಿ ಚುಚ್ಚಿಸಿಕೊಂಡು ಹಲ್ಲು ಕಟ್ಟಿಸಿಕೊಂಡ. ಹಲ್ಲಕ್ಕ ಟ್ರ್ಯಾಕು ಬಿಡಲಿಲ್ಲ. ತೆರೆದ ದಿನ ಬಂತೆಂದರೆ ದವಡೆಗಳನ್ನೆಲ್ಲ ಹಲಗೆಗೆ ಏರಿಸಿ, ಕೋಣೆಗೆ ಬೀಗ ಹಾಕಿ, ಡಬ್ಬಿ ಕಾರಿನಲ್ಲಿ ಹೊರಡುತ್ತಾಳೆ. ಸ್ಪೋರ್ಟ್ಸ್ ಕಾರು ಬೇಕೆಂದು ಅವಳಿಗೇನೂ ಅನ್ನಿಸಿಲ್ಲ. ಅದರಿಂದ ಇಳಿಯುವುದು ಕಷ್ಟ ಎನ್ನುತ್ತಾಳೆ. ಡಬ್ಬಿಯಲ್ಲೇ ಹೊಸಬರ ಸರದಿಗೆ ಹೋಗಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಬಂದವರನ್ನೆಲ್ಲ ಮುಂದೆ ಹೋಗಿ ಎಂದು ಬಿಡುತ್ತ, ಸಂಜೆಯ ತನಕ ಸುತ್ತು ಹೊಡೆಯುತ್ತಾಳೆ. ತಮ್ಮ ತಡೆಗೋಡೆಯ ಹಿಂದೆ ನಿಂತು ವಿಡಿಯೋ ತೆಗೆಯುತ್ತಾನೆ. ಕರಡು ತಿದ್ದುವ ಗಂಡ ಒಂದೆರಡು ಸಲ ಪಕ್ಕದಲ್ಲಿ ಕೂತು ಬಂದ. ಮೂರನೆಯ ಸಲದಿಂದ ಪುಸ್ತಕ ಹಿಡಿದು ಚಪ್ಪರದಡಿಯಲ್ಲೇ ಕೂರುತ್ತಾನೆ.

ಕಳೆದ ಸಲ ಹಲ್ಲಕ್ಕ ಒಂದು ಕಾರನ್ನು ಹಿಂದಿಕ್ಕಿದಳು. ಕೆಂಪು ಕಾರು, ಬಾಲದ ಮೇಲೆ ರೆಕ್ಕೆ ಇದ್ದದ್ದು. ನೇರ ದಾರಿಯಲ್ಲಿ ಅದರ ಪಕ್ಕಕ್ಕೆ ಬಂದು, ನಿಯಮದ ಪ್ರಕಾರ ಅದನ್ನು ಓಡಿಸುತ್ತಿದ್ದವನು ಕೈ ತೋರಿಸಿದ ಮೇಲೆ, ಮುಂದಕ್ಕೆ ನುಗ್ಗಿದಳು. ಮಾರನೆಯ ದಿನದಿಂದ ಮೆಟ್ಟಿಲು ಹತ್ತಿ ಬಂದ ಪ್ರತಿ ಮುದುಕನ ಬಾಯಲ್ಲೂ ಅಚ್ಚು ತುಂಬಿಸಿ, ಅದು ಗಟ್ಟಿಯಾಗುವ ತನಕ ಆ ಕಥೆ ಹೇಳಿದಳು. ಕೆಂಪು ಕಾರಿನ ಹಿಂದಿನ ಟೈರು ಪಂಕ್ಚರ್ ಆಗಿತ್ತು, ಅದು ಕುಂಟಿಕೊಂಡು ಚಪ್ಪರದ ಕಡೆ ಹೋಗುತ್ತಿತ್ತು ಎನ್ನುವುದನ್ನು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಬಾಯಿ ತುಂಬ ಅಚ್ಚು ಇರುವಾಗ ಕೇಳುವುದಾದರೂ ಹೇಗೆ?